ಕಲಿಸಿಕೊಟ್ಟ ಅಳು

ಮಗಳು ಅಪ್ಪನ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದಾಗ ಅಪ್ಪ ಬಾಗಿಲಲ್ಲಿ ಬಂದು ನಿಂತ.

ಬಲಗೈ ಬಾಗಿಲ ಚೌಕಟ್ಟಿನ ಮೇಲೆ, ತಲೆ ಒಂಚೂರು ಎಡಕ್ಕೆ, ಒಳಗೆ ಕಾಲಿಡುವ ಮುಂಚೆ ಒಂದು ಉಸಿರಿನಷ್ಟು ತಡ. ಬೆಳಕು ಬೆನ್ನ ಹಿಂದಿದ್ದುದರಿಂದ ಮುಖ ಕಾಣಲಿಲ್ಲ. ಚಿಕ್ಕಂದಿನಿಂದ ಅವಳು ನೋಡಿದ್ದ ನಿಲುವು ಅದು. ಯಾವುದೋ ಊರಲ್ಲಿ ನಾಟಕ ಮುಗಿಸಿ ಹೆಗಲಿಗೆ ಚೀಲ ಹಾಕಿಕೊಂಡು ಬಂದವನು, ತನ್ನ ಮನೆಗೇ ಬರಲೋ ಬೇಡವೋ ಎಂಬಂತೆ ಹೊಸಿಲಲ್ಲಿ ನಿಂತುಬಿಡುತ್ತಿದ್ದ. ಅವಳ ಬೆರಳಿನಿಂದ ಗುಂಡಿ ಜಾರಿತು. ಕೆಳಗೆ ನೋಡಿದಳು. ಅಪ್ಪ ಬೆಂಚಿನ ಮೇಲೆ ತಣ್ಣಗೆ ಮಲಗಿದ್ದ. ಮೇಲೆ ನೋಡಿದಳು. ಬಾಗಿಲಲ್ಲೂ ಇದ್ದ.

"ನಾನಮ್ಮಾ, ಅಂಚೆಯವನು," ಎಂದಿತು ಬಾಗಿಲಲ್ಲಿದ್ದ ಆಕಾರ. "ಸಾರ್ ಹತ್ರ ಮೂರು ನಾಟಕ ಮಾಡಿದ್ದೆ. ಒಂದರಲ್ಲಿ ರಾಜ, ಒಂದರಲ್ಲಿ ಪೊಲೀಸು, ಇನ್ನೊಂದರಲ್ಲಿ ಹೆಣ. ಹೆಣದ ಪಾರ್ಟಿಗೇ ಜಾಸ್ತಿ ಬೈಸ್ಕೊಂಡಿದ್ದು. 'ಏನಯ್ಯಾ, ಸತ್ತೋನು ಇಷ್ಟು ಚೆನ್ನಾಗಿ ಉಸಿರಾಡ್ತಾನಾ?' ಅಂತ…"

ಹೇಳುತ್ತಾ ಹೇಳುತ್ತಾ ಬೆಂಚಿನ ಕಡೆ ಅವನ ಕಣ್ಣು ಹೋಯಿತು. ಎಡಗೈಯಿಂದ ಕತ್ತಿನ ಹಿಂಭಾಗ ಉಜ್ಜಿಕೊಂಡ. ಆ ಅಭ್ಯಾಸವೂ ಅಪ್ಪನದೇ.

ಅಂಚೆಯವನ ಹಿಂದೆ ಒಬ್ಬೊಬ್ಬರೇ ಬಂದರು. ಅಪ್ಪನಿಗೆ ಖಾಯಂ ಕೆಲಸ ಅಂತ ಜನ್ಮದಲ್ಲಿ ಇರಲಿಲ್ಲ. ಕರೆದ ಊರಿಗೆ ಹೋಗುವುದು, ಆರು ವಾರ ಯಾವುದಾದರೂ ಶಾಲೆಯ ಬೆಂಚಿನ ಮೇಲೆ ಮಲಗುವುದು, ಗಿರಣಿಯ ಸಂಘವೋ ಬ್ಯಾಂಕ್ ನೌಕರರ ಕೂಟವೋ ಹಿಡಿದು ತಂದು ಎದುರಿಗೆ ನಿಲ್ಲಿಸಿದ ಜನರಿಂದ ಒಂದು ನಾಟಕ ಎತ್ತಿಸುವುದು, ಮತ್ತೆ ಚೀಲ ಕಟ್ಟುವುದು. ಹೀಗೆ ನಲವತ್ತೆರಡು ವರ್ಷ. ಹೋದ ಊರಿನವರೆಲ್ಲ ನೆನಪಿಗೆಂದು ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಿದ್ದರು; ಯಾಕೆ ಎಲ್ಲರಿಗೂ ಗಡಿಯಾರವೇ ಹೊಳೆಯುತ್ತಿತ್ತೋ ದೇವರೇ ಬಲ್ಲ. ಹಾಲ್‌ನ ಗೋಡೆಯಲ್ಲಿ ಒಂಬತ್ತು ಇದ್ದವು, ಒಂದು ತೋರಿಸಿದ ಹೊತ್ತನ್ನು ಇನ್ನೊಂದು ಒಪ್ಪುತ್ತಿರಲಿಲ್ಲ. ಪತ್ರಿಕೆಯವರು ಅವನ ಬಗ್ಗೆ ಬರೆದವರಲ್ಲ. ಓದಿಕೊಂಡ ನಿರ್ದೇಶಕರು 'ನಕಲು ಮೇಷ್ಟ್ರು' ಎಂದು ನಗುತ್ತಿದ್ದರು. ಆದರೆ ಊರೂರಿನ ದರ್ಜಿ, ಗುಮಾಸ್ತ, ತೂಕ ಹಾಕುವವ, ಶಾಲೆ ಟೀಚರು, ಎಲ್ಲರ ಬಾಯಲ್ಲೂ ಅವನು 'ಇನ್ನೊಂದ್ಸಲ ಸಾರ್'. ಯಾರು ಎಷ್ಟೇ ಚೆನ್ನಾಗಿ ಮಾಡಿದರೂ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು: "ಇನ್ನೊಂದ್ಸಲ."

ನಕಲು ಮೇಷ್ಟ್ರು ಎಂದವರು ಸುಳ್ಳೇನೂ ಹೇಳಿರಲಿಲ್ಲ. ಅಪ್ಪ ವಿವರಿಸುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದ. "ದಿನವಿಡೀ ದುಡಿದು ಬಂದೋರಿಗೆ ಭಾಷಣ ಹೊಡೆದ್ರೆ ನಿದ್ದೆ ಬರುತ್ತೆ ಕಣಮ್ಮ. ತೋರಿಸಿದ್ರೆ ಮೈಗೆ ಹತ್ತುತ್ತೆ," ಎನ್ನುತ್ತಿದ್ದ. ಮೈಗೆ ಹತ್ತಿತ್ತು, ಹೌದು. ಹತ್ತಿದ್ದು ಇಳಿದಿರಲಿಲ್ಲ. ದಪ್ಪನೆಯ ಗುಮಾಸ್ತನೊಬ್ಬ ಒಳಗೆ ಬಂದು ಅಪ್ಪನ ಕೆಮ್ಮು ಕೆಮ್ಮಿದ. ದರ್ಜಿ ಕೂರುವ ಮೊದಲು ಅಪ್ಪನ ಹಾಗೆ ಕುರ್ಚಿಯ ಬೆನ್ನನ್ನು ಎರಡು ಸಲ ಮುಟ್ಟಿ ನೋಡಿದ. ಮಾತಿನ ನಡುವೆ ಹುಬ್ಬೇರಿಸಿ ನಿಲ್ಲಿಸುವ ಆ ತಡ, ಬೇಡವೆನ್ನುವಾಗ ಅಂಗೈಯನ್ನು ಮೊದಲು ತೋರಿಸಿ ಆಮೇಲೆ ತಲೆಯಾಡಿಸುವುದು, ಎಲ್ಲ ಅಲ್ಲಲ್ಲಿ ಎದ್ದು ಕೂತು ಓಡಾಡುತ್ತಿತ್ತು. ಸತ್ತವನು ಒಂದು ಕಡೆ ಮಲಗಿದ್ದ, ಚೂರುಚೂರಾಗಿ ಮನೆ ತುಂಬ ತಿರುಗುತ್ತಲೂ ಇದ್ದ. ಮಗಳು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವವಳು. ಎದುರಿಗೆ ನಿಂತು ಯಾರು ಕೂಗಾಡಿದರೂ ಜಗ್ಗದ ಗಟ್ಟಿಗಿತ್ತಿ. ಅಂಥವಳಿಗೆ ಬೆಳಗಿನಿಂದ ಮೈಯೆಲ್ಲ ಚಳಿಚಳಿ.

"ಅತ್ತಿಗೆ ಇನ್ನೂ ಆಚೆ ಬಂದಿಲ್ವಾ?" ಚಿಕ್ಕಪ್ಪ ಕಿವಿಯ ಹತ್ತಿರ ಬಂದು ಕೇಳಿದರು. ಬೆಳಗಿನಿಂದ ಫೋನು, ಟೀ, ಹೂವು, ಚಪ್ಪಲಿ ಜೋಡಿಸುವುದು ಎಲ್ಲ ಅವರದೇ ಕಾರುಬಾರು. "ಗಾಡಿಯವನು ನಾಲ್ಕಕ್ಕೆ ಬರ್ತಾನೆ. ಸ್ಮಶಾನದವರು ಐದಕ್ಕೆ ಗೇಟು ಹಾಕ್ತಾರಂತೆ. ಒಂದು ನಿಮಿಷ ಆಚೆ ಈಚೆ ಆಗಲ್ಲ ಅಂದಿದ್ದಾರೆ. ಕಟ್ಟಿಕೊಂಡವಳೇ ಮುಖ ನೋಡದೆ ಕಳಿಸೋದಾ? ಹೋಗಿ ಹೇಳಮ್ಮ."

"ಬೆಳಗಿನಿಂದ ಹೇಳ್ತಾನೇ ಇದೀನಿ ಚಿಕ್ಕಪ್ಪ."

"ಇನ್ನೊಂದ್ಸಲ ಹೇಳು," ಎಂದರು ಚಿಕ್ಕಪ್ಪ. ಅಂದ ಮೇಲೆ ತಾವೇ ಬೆಚ್ಚಿ ನಾಲಿಗೆ ಕಚ್ಚಿಕೊಂಡರು.

ಅಮ್ಮ ಒಳಕೋಣೆಯಲ್ಲಿ ಮಂಚದ ಅಂಚಿಗೆ ಕೂತು ಹಳೆಯ ಸ್ವೆಟರ್ ಒಂದನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ನಿನ್ನೆ ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂದಾಗಿನಿಂದ ಅದೇ ಕೆಲಸ. ತೋಳು ಎರಡೂ ಮುಗಿದು ಬೆನ್ನಿಗೆ ಬಂದಿತ್ತು.

"ಎಷ್ಟು ಜನ ಬಂದಿದ್ದಾರೆ?" ತಲೆಯೆತ್ತದೆ ಕೇಳಿದಳು.

"ಹಾಲ್ ತುಂಬಿದೆ. ಬೀದೀಲೂ ನಿಂತಿದ್ದಾರೆ."

"ಹೆಂಗಸರು?"

"ಹತ್ತು ಹನ್ನೆರಡು ಜನ. ಇನ್ನೂ ಬರ್ತಿದ್ದಾರೆ. ಯಾಕಮ್ಮ?"

ಅಮ್ಮ ದಾರವನ್ನು ಜಗ್ಗಿದಳು. ಒಂದು ಸಾಲು ಸರ್ರನೆ ಬಿಚ್ಚಿಕೊಂಡಿತು. "ನಾನು ಬರಲ್ಲ. ಅವರ ಮಧ್ಯೆ ಹೋಗಿ ಕೂತ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ. ನೋಡಿದ್ರೆ ನೋಡ್ಲಿ, ಆದ್ರೆ ಮುಂದೇನು ಮಾಡ್ತೀನಿ ಅನ್ನೋದು ಅವರಿಗೆ ಮೊದಲೇ ಗೊತ್ತು. ಬಾಯಿಪಾಠ ಆಗಿದೆ ಅವರಿಗೆ."

"ಅಮ್ಮ, ನಾಲ್ಕು ಗಂಟೆಗೆ ಅಪ್ಪನ್ನ ತಗೊಂಡು ಹೋಗಿಬಿಡ್ತಾರೆ. ಆಮೇಲೆ ಬೇಕು ಅಂದ್ರೂ ಸಿಗಲ್ಲ."

"ಬೇಕು ಅಂತಾನೇ ಕೂತಿದೀನಲ್ಲೇ," ಎಂದಳು ಅಮ್ಮ. ಸಿಟ್ಟಿನ ದನಿಯಾಗಿದ್ದರೆ ಮಗಳು ಉತ್ತರ ಕೊಡಬಹುದಿತ್ತು. ಇದು ಹೆದರಿಕೊಂಡ ಮಗುವಿನ ದನಿ.

* * *

ಅವಳಿಗೆ ಆಗ ಏಳು ವರ್ಷ. ತಮ್ಮನಿಗೆ ಎರಡೂ ತುಂಬಿರಲಿಲ್ಲ. ಕೆನ್ನೆ ಕಾಣುವಷ್ಟೇ ಮುಖ, ಉಳಿದಿದ್ದೆಲ್ಲ ಹೊಟ್ಟೆ. ಮನೆಯವರೆಲ್ಲ ಗುಂಡುಮರಿ ಅನ್ನುತ್ತಿದ್ದರು. ಮೂರು ದಿನದ ಜ್ವರಕ್ಕೆ ಹೊರಟುಹೋಯಿತು. ಅಪ್ಪ ದೂರದ ಊರಲ್ಲಿದ್ದ. ಅವನು ಬಸ್ಸು ಇಳಿದು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು, ಬಂದ ನಾಲ್ಕು ಜನರೂ ಕೈಕಾಲು ತೊಳೆದುಕೊಂಡು ಹೋಗಿಯಾಗಿತ್ತು.

ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಕೆಲಸ ಮಾಡುವಾಗ ಮಗುವನ್ನು ಮಲಗಿಸಿಕೊಳ್ಳುತ್ತಿದ್ದ ಜಾಗ. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಬಲಗೈ ಮಾತ್ರ ಬರೀ ನೆಲವನ್ನು ತಟ್ಟುತ್ತಿತ್ತು, ಮಗುವನ್ನು ಮಲಗಿಸುವಾಗ ತಟ್ಟುವ ಹಾಗೆ. ಎರಡು ಸಲ ತಟ್ಟುವುದು, ಒಂದಿಷ್ಟು ತಡೆಯುವುದು, ಮತ್ತೊಮ್ಮೆ ತಟ್ಟಿ ಅಂಗೈಯನ್ನು ಅಲ್ಲೇ ಇಡುವುದು. ಮಗು ನಿಜಕ್ಕೂ ನಿದ್ದೆ ಹೋಯಿತೋ ಇಲ್ಲವೋ ನೋಡಲು ತಾಯಂದಿರು ಇಡುತ್ತಾರಲ್ಲ, ಹಾಗೆ. ಮತ್ತೆ ಮೊದಲಿನಿಂದ.

ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ಬಲಗೈ ಚೌಕಟ್ಟಿನ ಮೇಲೆ. ಒಳಗೆ ಬರಲಿಲ್ಲ. ಹೆಗಲ ಚೀಲವನ್ನೂ ಇಳಿಸಲಿಲ್ಲ. ಮೂಲೆಯಲ್ಲಿ ನೀರಿನ ಕೊಡದ ಪಕ್ಕ ಮುದುಡಿ ಕೂತಿದ್ದ ಹುಡುಗಿ, ಅಪ್ಪ ಬಂದನಲ್ಲ, ಈಗ ಏನಾದರೂ ಆಗುತ್ತದೆ, ಅಮ್ಮನನ್ನು ಎಬ್ಬಿಸುತ್ತಾನೆ ಎಂದು ಕಾದಳು. ಅವನ ಎಡಗೈ ಅವಳ ಕಣ್ಣಿನ ಮಟ್ಟಕ್ಕಿತ್ತು. ಆ ಕೈ ಅವನ ತೊಡೆಯ ಮೇಲೆ ಮೆಲ್ಲಗೆ ತಟ್ಟತೊಡಗಿತು. ಎರಡು ಸಲ. ತಡ. ಒಂದು ಸಲ. ತಪ್ಪಿತು, ಅಮ್ಮನ ಕೈ ನೋಡಿ ಸರಿಮಾಡಿಕೊಂಡಿತು.

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಬೇಕಾದದ್ದು ಏನೆಂದು ಏಳು ವರ್ಷದವಳಿಗೆ ಗೊತ್ತೂ ಇರಲಿಲ್ಲ.

ಗೊತ್ತಾದದ್ದು ಮೂರು ವರ್ಷದ ಮೇಲೆ. ಪಕ್ಕದ ಊರಿನ ಗಿರಣಿ ಸಂಘದ ನಾಟಕ. ಅಮ್ಮ, ಮಗಳು ಇಬ್ಬರಿಗೂ ಮುಂದಿನ ಸಾಲಿನಲ್ಲಿ ಜಾಗ. ಅಮ್ಮ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ದಾರಿಯುದ್ದಕ್ಕೂ ನಗುನಗುತ್ತಾ ಬಂದಿದ್ದಳು. ಮೂರನೇ ದೃಶ್ಯದಲ್ಲಿ ತಾಯಿಯ ಪಾತ್ರದವಳಿಗೆ ಮಗ ಸತ್ತ ಸುದ್ದಿ ಬಂತು. ಅವಳು ಗಿರಣಿಯಲ್ಲಿ ನೂಲು ತೂಗುವವಳು, ಬಣ್ಣ ಹಚ್ಚಿದ್ದು ಅದೇ ಮೊದಲು. ಕುಸಿದು ಕೂತಳು, ಬಾಯಿ ತೆರೆದಳು, ಸದ್ದಿಲ್ಲ. ಬಲಗೈ ಹಲಗೆಯ ಮೇಲೆ ತಟ್ಟಿತು. ಎರಡು ಸಲ. ತಡ. ಒಂದು ಸಲ. ಅಂಗೈಯನ್ನು ಅಲ್ಲೇ ಇಟ್ಟಳು.

ಸಭೆಗೆ ಸಭೆಯೇ ಅತ್ತಿತು. ಹಿಂದಿನ ಸಾಲಿನ ಗಂಡಸರು ಸೊರಸೊರ ಮೂಗು ಏರಿಸಿಕೊಂಡರು. ಅಮ್ಮ ಎದ್ದು, ಮಗಳ ರಟ್ಟೆ ಹಿಡಿದು, ಎಲ್ಲರ ಮೊಣಕಾಲು ದಾಟಿ ಹೊರಗೆ ನಡೆದಳು.

ಮಾರನೆಯ ದಿನ ಅಪ್ಪ ಗೆದ್ದವನ ಹಾಗೆ ಬಂದ. "ಹೇಗಿತ್ತೇ? ಮಧ್ಯದಲ್ಲೇ ಎದ್ದು ಹೋದ್ಯಂತೆ?"

"ಒಂದು ತಟ್ಟೂ ಬಿಟ್ಟಿಲ್ಲ ನೀವು," ಎಂದಳು ಅಮ್ಮ. "ಎಲ್ಲ ಗುಡಿಸಿ ತಗೊಂಡು ಹೋಗಿದ್ದೀರಿ."

ಅಪ್ಪನ ಮುಖ ಬಿಳಿಚಿಕೊಂಡಿತು. "ಅದಕ್ಕಿಂತ ನಿಜವಾದ್ದು ನನ್ನ ಹತ್ರ ಇನ್ನೊಂದಿಲ್ಲ ಕಣೇ," ಎಂದ.

"ನಿಮ್ಮ ಹತ್ರ ಎಲ್ಲಿತ್ತು? ನನ್ನ ಹತ್ರ ಇತ್ತು."

ಅಲ್ಲಿಗೆ ಮುಗಿಯಿತು. ಅಮ್ಮ ಮತ್ತೆ ನಾಟಕ ನೋಡಲಿಲ್ಲ, ಮತ್ತೆ ಅಳಲೂ ಇಲ್ಲ. ಅವಳ ತಾಯಿ ಸತ್ತಾಗ ಇಲ್ಲ, ಅಕ್ಕ ಸತ್ತಾಗ ಇಲ್ಲ. ಕಣ್ಣು ತುಂಬಿ ಬಂತು ಅನ್ನಿಸಿದರೆ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅಪ್ಪ ಮಾತ್ರ ಊರೂರಿಗೆ ಹೋಗುತ್ತಲೇ ಇದ್ದ. ಮಗ ಸಾಯುವ ನಾಟಕಗಳನ್ನೇ ಹುಡುಕಿ ಆರಿಸುತ್ತಾನೆ ಎಂದು ಯಾರೋ ಬಂದು ಹೇಳಿದರು. ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಎತ್ತದೆ ಎತ್ತದೆ ಮೂವತ್ತೆಂಟು ವರ್ಷ ಕಳೆಯಿತು.

* * *

ಮೂರು ಗಂಟೆಗೆ ನರ್ಸಮ್ಮ ಬಂದಳು. ಈಗ ನಿವೃತ್ತಿಯಾಗಿ ಮೊಣಕಾಲು ನೋವಿನಿಂದ ಕುಂಟುತ್ತಿದ್ದ ಹೆಂಗಸು. ಒಂದು ಕಾಲಕ್ಕೆ ಆಸ್ಪತ್ರೆ ಸಿಬ್ಬಂದಿಯ ನಾಟಕಗಳಲ್ಲಿ ಅವಳನ್ನು ಬಿಟ್ಟರೆ ತಾಯಿ ಪಾತ್ರಕ್ಕೆ ಇನ್ನೊಬ್ಬಳಿಲ್ಲ. ಹೂವನ್ನು ಅಪ್ಪನ ಕಾಲ ಬಳಿ ಇಟ್ಟಳು. ಒಂದು ಗಳಿಗೆ ನಿಂತು ನೋಡಿದಳು. "ಅಯ್ಯೋ ಸಾರ್, ಏನು ಸಾರ್ ಇದು," ಎನ್ನುತ್ತಾ ಕುಸಿದು ಕೂತಳು. ಬಾಯಿ ತೆರೆಯಿತು. ಬಲಗೈ ತಾನಾಗಿಯೇ ನೆಲಕ್ಕೆ ಹೋಯಿತು.

ಎರಡು ಸಲ. ತಡ. ಒಂದು ಸಲ.

ಬೇಕೆಂದು ಮಾಡಿದ್ದಲ್ಲ. ಅವಳ ಮೈಗೆ ಅಳುವುದು ಅಂದರೆ ಅದೇ ಆಗಿಹೋಗಿತ್ತು. ಅವಳನ್ನು ನೋಡಿ ಗೋಡೆಗೆ ಒರಗಿದ್ದ ಟೀಚರಿಗೆ ತಡೆಯಲಾಗಲಿಲ್ಲ, ಅವಳ ಕೈಯೂ ನೆಲಕ್ಕೆ ಬಿತ್ತು. ಆ ಕಡೆಯಿಂದ ಇನ್ನೊಬ್ಬಳದು. ಬೇರೆ ಬೇರೆ ಊರಿನವರು, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಮೂವರ ಅಂಗೈಯೂ ಒಂದೇ ಲೆಕ್ಕದಲ್ಲಿ ಸಿಮೆಂಟು ನೆಲದ ಮೇಲೆ ಬೀಳುತ್ತಿತ್ತು. ಮಗಳು ತನ್ನದೇ ಬಲಗೈ ಜುಮ್ಮೆಂದದ್ದು ಗೊತ್ತಾಗಿ ಅದನ್ನು ಕಂಕುಳಲ್ಲಿ ಒತ್ತಿ ಹಿಡಿದಳು. ಒಳಕೋಣೆಯ ಕಡೆ ತಿರುಗಿದಳು. ಇಷ್ಟು ಹೊತ್ತು ಸುಮ್ಮನೆ ಮುಚ್ಚಿದ್ದ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಮಗಳು ನರ್ಸಮ್ಮನ ತೋಳು ಹಿಡಿದೆಬ್ಬಿಸಿ ಹಿತ್ತಲಿಗೆ ಎಳೆದುಕೊಂಡೇ ಹೋದಳು.

"ನಿಲ್ಲಿಸ್ರೀ ಅದನ್ನ! ಯಾರ ಅಳು ಅದು ಅಂತ ಗೊತ್ತಾ ನಿಮಗೆ?"

ನರ್ಸಮ್ಮ ಕಣ್ಣೊರೆಸಿಕೊಂಡು ಪೆಚ್ಚಾಗಿ ನಿಂತಳು. "ಯಾರದ್ದು ಅಂದ್ರೆ? ಸಾರ್ ಕಲಿಸಿಕೊಟ್ಟಿದ್ದು…"

"ಅಮ್ಮಂದು! ನನ್ನ ತಮ್ಮ ಸತ್ತಾಗ ಅಮ್ಮ ಹಾಗೆ ಅತ್ತಿದ್ಲು. ಅಪ್ಪ ಬಾಗಿಲಲ್ಲಿ ನಿಂತು ನೋಡಿ ಕಲ್ತುಕೊಂಡ. ನಿಮಗೆಲ್ಲ ಹಂಚಿದ. ಈಗ ಅವಳಿಗೆ ಗಂಡನ ಮುಂದೆ ಕೂತು ಅಳೋಕೆ ಅಂತ ಒಂದು ಅಳು ಉಳಿದಿಲ್ಲ. ಚಿಲಕ ಹಾಕಿಕೊಂಡಿದ್ದಾಳೆ."

ನರ್ಸಮ್ಮ ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು. ಅಷ್ಟು ವರ್ಷದಿಂದ ಮೆಚ್ಚಿ ಉಟ್ಟ ಬಟ್ಟೆ ಇನ್ನೊಬ್ಬರದು ಎಂದು ತಿಳಿದವರ ಮುಖ ಅವಳದು. "ದೇವರಾಣೆ ಗೊತ್ತಿರಲಿಲ್ಲಮ್ಮ," ಎಂದಳು. ಆಮೇಲೆ, "ಗುಂಡುಮರಿ ಅಂದ್ರೆ ನಿಮ್ಮ ತಮ್ಮನಾ?"

ಆ ಹೆಸರು ಈ ಮನೆಯ ನಾಲಿಗೆಯ ಮೇಲೆ ಬಂದು ಯಾವ ಕಾಲವಾಗಿತ್ತು. "ನಿಮಗೆ ಹೇಗೆ ಗೊತ್ತು?"

"ನಂಗೆ ಆ ದೃಶ್ಯ ಎರಡೇ ದಿನಕ್ಕೆ ಬಂದಿತ್ತು. ಆದ್ರೂ ಸಾರ್ ದಿನಾ ತೋರಿಸೋರು. ದಿನಾ ತಾವೇ ಕೂತು ಮಾಡೋರು. ಸಾಕು ಸಾರ್, ಬಂತು ಅಂದ್ರೆ, 'ಇನ್ನೊಂದ್ಸಲ, ನಂಗೆ ಬಂದಿಲ್ಲ' ಅನ್ನೋರು. ನಾವೆಲ್ಲ ನಗ್ತಿದ್ವಿ. ಒಂದು ಸಂಜೆ ಎಲ್ಲರೂ ಹೊರಟ ಮೇಲೆ ಕೊಡೆ ಬಿಟ್ಟುಬಂದೆ ಅಂತ ವಾಪಸ್ಸು ಹೋದೆ. ಸ್ಟೇಜಿನ ನಡುವೆ ಒಬ್ಬರೇ ಕೂತಿದ್ರು. ನೆಲ ತಟ್ತಾ, ಗುಂಡುಮರಿ, ಗುಂಡುಮರಿ ಅಂತ. ನಾನು ಯಾವುದೋ ಹೊಸ ಪಾತ್ರ ಇರಬೇಕು ಅಂದ್ಕೊಂಡೆ. ನಮ್ಮ ನಾಟಕದಲ್ಲಿ ಹಾಗಂತ ಯಾರೂ ಇರಲಿಲ್ಲ."

"ಯಾವ ನಾಟಕದಲ್ಲೂ ಇರಲಿಲ್ಲ," ಎಂಬ ದನಿ ಬಂತು ಹಿಂದಿನಿಂದ. ದನಿ ಅನ್ನುವುದಕ್ಕಿಂತ ಗಾಳಿ ಅನ್ನಬೇಕು. ಹಿತ್ತಲ ಬಾಗಿಲಲ್ಲಿ, ಎಲ್ಲರೂ ಪಿಸುಮಾತು ಎಂದು ಕರೆಯುತ್ತಿದ್ದವನು ನಿಂತಿದ್ದ. ಅಪ್ಪನ ಜೊತೆ ಮೂವತ್ತು ವರ್ಷ ಊರೂರು ಅಲೆದ ಪ್ರಾಂಪ್ಟರ್. ಪರದೆಯ ಹಿಂದೆ ನಿಂತು ಮರೆತವರಿಗೆ ಮಾತು ಹೇಳಿಕೊಟ್ಟು ಹೇಳಿಕೊಟ್ಟು ಅವನ ಗಂಟಲಲ್ಲಿ ಪಿಸುಗುಡುವುದೊಂದೇ ಉಳಿದಿತ್ತು. ಅಂಗಡಿಯವರೊಂದಿಗೆ ಜಗಳವಾಡುವಾಗಲೂ ಪಿಸುಗುಡುತ್ತಾನೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು.

"ಎಲ್ಲ ಊರಲ್ಲೂ ಹಾಗೇ ಮಾಡ್ತಿದ್ರಮ್ಮ ಸಾರ್," ಎಂದ. "ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ. ನಾನು ಪರದೆ ಹಿಂದೆ ಪುಸ್ತಕ ಕಟ್ತಾ ಇರ್ತಿದ್ದೆ. ನಂಗೆಲ್ಲ ಕೇಳಿಸ್ತಿತ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು?" ಮಗಳು ಅವನ ಕಡೆ ತಿರುಗಿದಳು. "ಒಂದ್ಸಲ ಬಂದು ಅಮ್ಮನ ಹತ್ರ ಹೇಳಿದ್ರೆ ಆಗ್ತಿರಲಿಲ್ವಾ?"

ಪಿಸುಮಾತು ತಲೆ ತಗ್ಗಿಸಿದ. "ಪುಸ್ತಕದಲ್ಲಿ ಇಲ್ಲದ ಮಾತು ಅದು. ಪುಸ್ತಕದಲ್ಲಿ ಇಲ್ಲದ್ದನ್ನ ನಾನು ಯಾವತ್ತೂ ಹೇಳಿದವನಲ್ಲಮ್ಮ."

* * *

ಮೂರೂವರೆಯಾಗಿತ್ತು, ಅಥವಾ ಮೂರೂ ಐವತ್ತು. ಯಾವ ಗಡಿಯಾರ ನಂಬುತ್ತೀರಿ ಅನ್ನುವುದರ ಮೇಲೆ. ಮಗಳು ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ನಿಂತು, ನರ್ಸಮ್ಮ ಹೇಳಿದ್ದನ್ನೂ ಪಿಸುಮಾತು ಹೇಳಿದ್ದನ್ನೂ ಒಂದಕ್ಷರ ಬಿಡದೆ ಒಪ್ಪಿಸಿದಳು.

"ಅಪ್ಪ ಅಳ್ತಿದ್ದನಂತೆ ಅಮ್ಮ. ಊರೂರಲ್ಲೂ. ಗುಂಡುಮರಿ ಹೆಸರು ಹಿಡಿದು."

ಇನ್ನೇನು ಅಮ್ಮ ಕರಗುತ್ತಾಳೆ, ಚಿಲಕ ತೆಗೆಯುತ್ತಾಳೆ ಎಂದುಕೊಂಡಳು ಮಗಳು. ಚಿಲಕ ತೆಗೆಯಿತು. ಕರಗಿದವಳ ಮುಖ ಅಲ್ಲಿರಲಿಲ್ಲ.

"ಇಲ್ಲಿ ಅಳಬೇಕಿತ್ತು," ಎಂದಳು ಅಮ್ಮ. "ನನ್ನ ಪಕ್ಕದಲ್ಲಿ ಕೂತು ಅಳಬೇಕಿತ್ತು. ಮೂರು ಹೆಜ್ಜೆ ಇತ್ತು ಆ ಬಾಗಿಲಿಂದ ನಾನು ಕೂತ ಜಾಗಕ್ಕೆ. ಯಾರು ಯಾರದೋ ಊರಲ್ಲಿ ಅತ್ತು ಮುಖ ತೊಳ್ಕೊಂಡು ಬಂದು, ಇಲ್ಲಿ ಊಟ ಮಾಡಿ, ಪೇಪರ್ ಓದ್ತಾ ಕೂರ್ತಿದ್ರು. ಈ ಮನುಷ್ಯನಿಗೆ ಎದೆ ಅನ್ನೋದೇ ಇಲ್ಲ ಅಂದ್ಕೊಂಡು ನಾನು ಆಯಸ್ಸು ಕಳೆದೆ. ಇವತ್ತು ಬಂದು ಇತ್ತು ಅಂತೀಯಲ್ಲ. ನಾನೇನು ಮಾಡ್ಲಿ ಅದನ್ನ ಇಟ್ಕೊಂಡು?"

ದೂರು ಬರೆದುಕೊಳ್ಳುವ ಕಚೇರಿಯಲ್ಲಿ ಕೂತು ಇಪ್ಪತ್ತು ವರ್ಷ ಕೇಳಿದ ಮಗಳಿಗೂ ಇದನ್ನು ಯಾವ ಕಾಗದದಲ್ಲಿ ಬರೆಯಬೇಕೋ ತಿಳಿಯಲಿಲ್ಲ.

"ನಂಗೆ ಅವರ ಹತ್ರ ಮಾತಿದೆ," ಎಂದಳು ಅಮ್ಮ. "ಅಳಬೇಕೋ ಬೈಬೇಕೋ ಗೊತ್ತಿಲ್ಲ. ಏನು ಬರುತ್ತೋ ಅದು. ಯಾರೂ ನೋಡಬಾರದು. ಎಲ್ಲರನ್ನೂ ಕಳಿಸು, ಬರ್ತೀನಿ."

"ಎಲ್ಲಿಗೆ ಕಳಿಸೋದು ಅತ್ತಿಗೆ!" ಚಿಕ್ಕಪ್ಪ ಹಾಲ್‌ನ ತುದಿಯಿಂದಲೇ ಕೈ ಚೆಲ್ಲಿದರು. "ಓಣಿ ಗಿಜಿಗುಡ್ತಾ ಇದೆ, ಒಂದು ಸೈಕಲ್ ತಿರುಗಿಸೋಕೆ ಜಾಗ ಇಲ್ಲ. ಇವರನ್ನೆಲ್ಲ ಆಚೆ ಹಾಕೋ ಹೊತ್ತಿಗೆ ನಾಲ್ಕೂವರೆ ಆಗುತ್ತೆ. ಗಾಡಿಯವನು ಆಗಲೇ ಮೂಲೆ ತಿರುಗಿದ್ದಾನಂತೆ. ಇನ್ನು ಹತ್ತು ನಿಮಿಷ ಇಲ್ಲ."

ಅಮ್ಮನ ಕೈ ಬಾಗಿಲ ಹಿಡಿಗೆ ಹೋಯಿತು. ಮುಚ್ಚಿಕೊಂಡುಬಿಡುತ್ತಾಳೆ, ಇನ್ನು ತೆಗೆಯುವುದಿಲ್ಲ ಎಂದು ಮಗಳಿಗೆ ಖಚಿತವಾಯಿತು.

ಆಗ ನರ್ಸಮ್ಮ ಮುಂದೆ ಬಂದಳು. ಅಮ್ಮನ ಕಡೆ ನೋಡಲಿಲ್ಲ. ನೋಡುವ ಮುಖ ಅವಳಿಗಿರಲಿಲ್ಲ. ಹಾಲ್‌ನ ನಡುವೆ ನಿಂತು ಎರಡು ಚಪ್ಪಾಳೆ ತಟ್ಟಿದಳು.

"ಎಲ್ಲರೂ ಕೇಳಿ. ಎದ್ದು ನಿಲ್ಲಿ. ಗೋಡೆಗೆ ಮುಖ ಮಾಡಿ ತಿರುಗಿ. ನಾನು ಹೇಳೋವರೆಗೂ ಒಬ್ಬರೂ ಈ ಕಡೆ ನೋಡಬಾರದು."

ಬೇರೆ ಜನವಾಗಿದ್ದರೆ ಯಾಕೆ ಏನು ಎಂದು ಗುಸುಗುಸು ಎದ್ದೇ ಏಳುತ್ತಿತ್ತು. ಇವರು ಇನ್ನೊಂದ್ಸಲ ಸಾರ್ ಪಳಗಿಸಿದ ಜನ. ನಿಲ್ಲು ಅಂದ ಕಡೆ ನಿಂತು, ತಿರುಗು ಅಂದಾಗ ತಿರುಗಿ ಗೊತ್ತೇ ಹೊರತು ಕಾರಣ ಕೇಳಿ ಗೊತ್ತಿಲ್ಲ. ಕುರ್ಚಿಗಳು ಸರಿದವು. ದರ್ಜಿ, ಗುಮಾಸ್ತ, ಟೀಚರು, ಅಂಚೆಯವನು, ಮೂವತ್ತು ನಲವತ್ತು ಜನ, ಹಾಲ್‌ನ ನಾಲ್ಕೂ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತರು. ಕಿಟಕಿಯ ಹೊರಗಿದ್ದವರೂ ಒಬ್ಬರನ್ನೊಬ್ಬರು ತಿವಿದುಕೊಂಡು ಓಣಿಯ ಕಡೆ ತಿರುಗಿದರು. ಚಿಕ್ಕಪ್ಪ ಫೋನು ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಅತ್ತ ಒಮ್ಮೆ ಇತ್ತ ನೋಡಿ, "ಸರಿ ಹಾಗಾದ್ರೆ," ಎಂದು ತಾವೂ ತಿರುಗಿದರು.

ಮಗಳು ಮುಂಬಾಗಿಲ ಪಕ್ಕದ ಗೋಡೆಗೆ ಹೋಗಿ ನಿಂತಳು. ಮೂಗಿಗೆ ಸುಣ್ಣದ ವಾಸನೆ ಬಡಿಯಿತು.

ಹಿಂದೆ ಅಮ್ಮನ ಹೆಜ್ಜೆ ಕೇಳಿಸಿತು. ನಿಧಾನ, ಬರಿಗಾಲು. ಬೆಂಚಿನ ಹತ್ತಿರ ಬಂದು ನಿಂತಿತು. ಮಂಡಿಯೂರಿದಳೆಂದು ಕಾಣುತ್ತದೆ, ಮೂಳೆ ಲಟಕ್ಕೆಂದಿತು. ಮಗಳಿಗೆ ಮೈಯೆಲ್ಲ ಕಿವಿಯಾಗಿತ್ತು. ಈಗ ಅಮ್ಮ ಅಳುತ್ತಾಳೆ. ಮೂವತ್ತೆಂಟು ವರ್ಷದ ಮೇಲೆ ಅಳುತ್ತಾಳೆ. ಹೇಗೆ ಅಳುತ್ತಾಳೆ, ಹಳೆಯ ಹಾಗೆಯೋ ಬೇರೆ ಹಾಗೆಯೋ, ಬೈಯುತ್ತಾಳೋ, ಹೆಸರು ಹಿಡಿದು ಕರೆಯುತ್ತಾಳೋ. ಅದೊಂದನ್ನು ಕೇಳಿಬಿಡಬೇಕು ಎಂದು ಅವಳ ಜೀವ ಬಡಿದುಕೊಂಡಿತು. ಉದ್ದಕ್ಕೆ ಒಳಗೆಳೆದ ಒಂದು ಉಸಿರಿನ ಸದ್ದು ಬಂತು. ಆ ಉಸಿರಿನ ತುದಿಯಲ್ಲಿ ಏನೋ ಶುರುವಾಗಲಿತ್ತು.

ಅವಳ ಪಕ್ಕದಲ್ಲಿ ಪಿಸುಮಾತು ನಿಂತಿದ್ದ. ಕೇಳಿಸಿಕೊಳ್ಳುವುದನ್ನೇ ಕೆಲಸ ಮಾಡಿಕೊಂಡು ಬದುಕಿದವನು. ಅವನು ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡ.

ಅವನನ್ನು ನೋಡಿ ಅಂಚೆಯವನು ಮುಚ್ಚಿಕೊಂಡ. ಅಂಚೆಯವನನ್ನು ನೋಡಿ ಗುಮಾಸ್ತ. ನರ್ಸಮ್ಮ. ಟೀಚರು. ಯಾರೂ ತೋರಿಸಿಕೊಡಲಿಲ್ಲ, ಒಬ್ಬೊಬ್ಬರು ಒಂದೊಂದು ಥರ ಮುಚ್ಚಿಕೊಂಡರು, ಅಂಗೈಯಿಂದ, ಬೆರಳಿನಿಂದ, ಅಂಗಿಯ ಕಾಲರಿನಿಂದ. ಚಿಕ್ಕಪ್ಪ ಒಂದು ಕಿವಿಗೆ ಕೈ, ಇನ್ನೊಂದಕ್ಕೆ ಫೋನು ಒತ್ತಿಕೊಂಡರು. ಸಾಲು ಸುತ್ತಿ ಮಗಳವರೆಗೆ ಬಂತು. ಅವಳು ಇನ್ನೂ ಒಂದು ಗಳಿಗೆ ತಡೆದಳು. ಆಮೇಲೆ ಅವಳೂ ಎರಡೂ ಅಂಗೈಯನ್ನು ಕಿವಿಗೆ ಒತ್ತಿ, ನೋವಾಗುವಷ್ಟು ಒತ್ತಿ ಹಿಡಿದಳು. ಕೆನ್ನೆ ಒದ್ದೆಯಾದದ್ದು ತಡವಾಗಿ ಗೊತ್ತಾಯಿತು. ತಲೆಯೊಳಗೆ ತನ್ನದೇ ರಕ್ತದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಎಷ್ಟು ಹೊತ್ತೋ ಏನೋ. ಮುಂಬಾಗಿಲ ಬೆಳಕಿಗೆ ನೆರಳು ಬಿದ್ದಿತು. ಗಾಡಿಯ ಡ್ರೈವರ್ ಬಂದು ಹೊಸಿಲಲ್ಲಿ ನಿಂತಿದ್ದ, ಕೈಯ ಗಡಿಯಾರವನ್ನು ಬೆರಳಿನಿಂದ ಕುಟ್ಟುತ್ತಾ, ಹೊತ್ತಾಯಿತು ಎನ್ನಲು ಬಾಯಿ ತೆರೆದುಕೊಂಡು. ಕಿವಿ ಮುಚ್ಚಿ ಗೋಡೆ ನೋಡುತ್ತ ನಿಂತಿದ್ದ ಅಷ್ಟೂ ಜನರನ್ನು ನೋಡಿದ. ಅವರ ನಡುವೆ ಏನು ಕಂಡನೋ, ತೆರೆದ ಬಾಯಿ ಹಾಗೆಯೇ ಮುಚ್ಚಿತು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಬೀದಿಗೆ ಮುಖ ಮಾಡಿ ತಿರುಗಿದ. ಹೂವು ಹಿಡಿದುಕೊಂಡು ಆತುರಾತುರವಾಗಿ ಮೆಟ್ಟಿಲೇರುತ್ತಿದ್ದ ಇಬ್ಬರನ್ನು ಕಂಡು, ಎರಡೂ ತೋಳು ಅಗಲಿಸಿ ಬಾಗಿಲಿಗೆ ಅಡ್ಡ ನಿಂತ.